ಅಮಾವಾಸ್ಯೆ ರಾತ್ರಿ ದೆವ್ವ ನೋಡಲು ಕುಮಟಾ, ಕಾರವಾರದ ಕಡೆ ಯಾವ ಜಾಗ ಒಳ್ಳೆಯದು?

ನಾಲ್ವರು ಗೆಳೆಯರು, ಎರಡು ಬೈಕು, "ನಿಜವಾದ ಅನುಭವ ಆಗುವ ಜಾಗ ಹೇಳಿ" ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ಕೆಂದಿತು. ನಾವೂ ನಾಲ್ವರೇ ಇದ್ದೆವು, ಬೈಕೂ ಎರಡೇ. ಕಾಲೇಜಿನ ಕೊನೇ ವರ್ಷ, ಪುಷ್ಯದ ಅಮಾವಾಸ್ಯೆ. ಅಘನಾಶಿನಿ ಅಳಿವೆಯ ಗಜನಿಯಲ್ಲಿ ಕೊಳ್ಳಿದೆವ್ವ ಓಡಾಡುತ್ತದೆ ಅಂತ ಯಾರೋ ಹೇಳಿದ್ದರು, ದೇವಿಮನೆ ಘಟ್ಟ ಇಳಿದು ಹೊರಟೇಬಿಟ್ಟೆವು.

ಗಜನಿ ಗೊತ್ತಿಲ್ಲದವರಿಗೆ: ಹೊಳೆ ಸಮುದ್ರ ಸೇರುವಲ್ಲಿ ಉಪ್ಪುನೀರು ಬಂದು ಹೋಗುವ ಗದ್ದೆ ಬಯಲು. ಮಳೆಗಾಲದಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲು ಮುಗಿದ ಮೇಲೆ ಅಲ್ಲೇ ಶೆಟ್ಲಿ, ಅಂದರೆ ಸಿಗಡಿ, ಹಿಡಿಯುತ್ತಾರೆ.

ನಾನು ಶಿರಸಿಯವನು. ಅಘನಾಶಿನಿಯ ಒಂದು ಮೂಲ ನಮ್ಮೂರ ಶಂಕರಹೊಂಡ. ಅದು ನಮ್ಮ ಹೊಳೆ, ನನಗೆ ಗೊತ್ತಿರುವ ಹೊಳೆ ಅಂತಲೇ ನಂಬಿದ್ದೆ. ಘಟ್ಟದ ಮೇಲೆ ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಅದೇ ನೀರು ಕೆಳಗೆ ದಿನಕ್ಕೆರಡು ಸಲ ತಿರುಗಿ ಬರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಕಾಲಿಗೆ ಗೊತ್ತಿರಲಿಲ್ಲ.

ಪಂಚಾಂಗ ನೋಡಿ ದಿನ ಗೊತ್ತು ಮಾಡಿದವನು ನಾನೇ. ಸಂಜೆ ಐದೂವರೆಗೆ ಜಾಗ ನೋಡಲು ಹೋದೆವು. ಬಯಲಿನಾಚೆ ಒಂದು ಕುರ್ವೆ, ಅಂದರೆ ನಡುಗಡ್ಡೆ, ಅದರ ಮೇಲೆ ಐದಾರು ತೆಂಗಿನ ಮರ, ಬಿದ್ದ ಮನೆಯ ಒಂದು ಗೋಡೆ. ನಡುವೆ ಬರೀ ಕೆಸರು, ಅದೂ ಗಟ್ಟಿ. ಬಳಚು (ಚಿಪ್ಪುಮೀನು) ಹೆಕ್ಕಿದ ಹೆಂಗಸರು ಬುಟ್ಟಿ ಹೊತ್ತು ಬೇಗ ಬೇಗ ದಂಡೆಗೆ ಮರಳುತ್ತಿದ್ದರು. ಅವರಲ್ಲಿ ಒಬ್ಬರನ್ನು ನಿಲ್ಲಿಸಿ "ಅಕ್ಕಾ, ರಾತ್ರಿ ಇಲ್ಲಿ ದಾಟಬಹುದಾ?" ಅಂತ ಕೇಳಿದ್ದರೆ ಈ ಉತ್ತರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಅಮಾವಾಸ್ಯೆಯನ್ನೇ ಆರಿಸಿದ್ದೀರಿ. ಅಮಾವಾಸ್ಯೆಗೆ, ಹುಣ್ಣಿಮೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಎರಡರ ಸೆಳೆತವೂ ಕೂಡಿ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಸಂಜೆ ಆ ಬಯಲು ಅಷ್ಟು ದೂರ ಬತ್ತಿ ಕಂಡದ್ದೇ ಅದರಿಂದ. ಇಳಿತ ಆಗಿ ಆರು ಗಂಟೆ ಚಿಲ್ಲರೆಗೆ ಉಬ್ಬರ ತುಂಬುತ್ತದೆ. ಐದೂವರೆಗೆ ಆರು ಕೂಡಿಸಿ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆಯ ನೀರು ಪೂರ್ತಿ ಏರುವುದು ನಡುರಾತ್ರಿಯ ಆಸುಪಾಸಿಗೆ, ಅಂದರೆ ದೆವ್ವ ನೋಡಬೇಕೆನ್ನುವವರು ಹೊರಡುವ ಹೊತ್ತಿಗೇ. ದಿನವೂ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಇದೆಲ್ಲ ತಿಥಿಯಲ್ಲೇ ಇದೆ. ನಾನು ತಿಥಿ ನೋಡಿದೆ, ನೀರು ನೋಡಲಿಲ್ಲ.

ಏಳೂವರೆಗೆ ದಾಟಿದಾಗ ಪಾದ ಮುಳುಗುವಷ್ಟು ನೀರು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಬೆಳಕು ಕಂಡಿತು. ನೆಲದಿಂದ ಮಾರುದ್ದ ಮೇಲೆ, ಹಳದಿ, ಅತ್ತಿತ್ತ ತೂಗುತ್ತಾ, ಸದ್ದೇ ಇಲ್ಲದೆ ಹತ್ತಿರ ಬರುತ್ತಿತ್ತು. ನಮ್ಮಲ್ಲೊಬ್ಬ ಕಿಟಾರನೆ ಕಿರುಚಿ ಬಂದ ದಾರಿಯಲ್ಲೇ ಓಡಿದ. ಬಂದ ದಾರಿ ಎಲ್ಲಿತ್ತು? ನಾಲ್ಕು ಹೆಜ್ಜೆಗೆ ಸೊಂಟ, ಆರನೆಯದಕ್ಕೆ ಎದೆ. ಸಮುದ್ರದ ಹಾಗೆ ಅಲೆ ಎದ್ದು ಬಂದಿರಲಿಲ್ಲ. ಹಿಂದಿನ ತೋಡುಗಳಿಂದ ಸುಮ್ಮನೆ ತುಂಬಿಕೊಂಡಿತ್ತು.

ನಮ್ಮ ಕೂಗು ಕೇಳಿ ಆ ಬೆಳಕೇ ಬಂತು. ಪಾತಿ ದೋಣಿಯಲ್ಲಿ ಒಬ್ಬ ಅಜ್ಜ, ಕೋಲಿಗೆ ಕಟ್ಟಿದ ಲಾಟೀನು. ಗೆಳೆಯನ ಅಂಗಿ ಹಿಡಿದು ಎಳೆದುಕೊಂಡರು. ಬೈಯಲಿಲ್ಲ. ದಂಡೆ ಮುಟ್ಟಿದ ಮೇಲೆ ಕೇಳಿದ್ದು ಒಂದೇ ಮಾತು: "ಅಮಾಸೆ ಗೊತ್ತಿತ್ತಲಾ ತಮಾ, ನೀರು ಗೊತ್ತಿರ್ಲಿಲ್ವಾ?"

ಗೆಳೆಯನ ಅಂಗಾಲಿಗೆ ಚಿಪ್ಪು ಹೊಕ್ಕಿತ್ತು. ಅಜ್ಜನ ಮನೆಗೆ ಹೋದಾಗ ಆ ಮನೆಯ ಅಮ್ಮ ಬಿಸಿನೀರು ಹೊಯ್ದು, ದೀಪ ಹತ್ತಿರ ಹಿಡಿದು, ಸೂಜಿಯಿಂದ ಒಂದೊಂದೇ ಚೂರು ತೆಗೆದರು. ಗಾಯ ಮಾಯಿತು. ನನಗೆ ಇವತ್ತಿಗೂ ಸಂಕಟ ಆಗುವುದು ಬೇರೆಯದಕ್ಕೆ. ಉಬ್ಬರದಲ್ಲಿ ಗಜನಿಯೊಳಗೆ ಬಂದ ಶೆಟ್ಲಿ, ನೀರು ತಿರುಗುವಾಗ ಗದ್ದೆಗೆ ಹಾಕಿದ ಕಟ್ಟಿನ ಬಾಗಿಲಲ್ಲಿ ಬಲೆಗೆ ಸಿಗಬೇಕು. ಬೆಳಕಿಗೆ ಶೆಟ್ಲಿ ಸೇರುತ್ತದೆ, ಲಾಟೀನು ಅದಕ್ಕೆ. ಅಮಾವಾಸ್ಯೆ ಆಸುಪಾಸಿನ ರಾತ್ರಿಗಳೇ ಅವರ ದುಡಿಮೆ. ನೀರು ತಿರುಗುವ ಹೊತ್ತಿಗೆ ಅಜ್ಜ ನಮ್ಮ ಜೊತೆ ಜಗಲಿಯಲ್ಲಿದ್ದರು, ಬಲೆ ಕಟ್ಟಲಾಗಲಿಲ್ಲ. ಬೆಳಿಗ್ಗೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಹಾಗಾಗಿ ಜಾಗದ ಪಟ್ಟಿ ನಾನು ಕೊಡುವುದಿಲ್ಲ. ನಿಮ್ಮ ಪ್ರಶ್ನೆಯಲ್ಲೇ ತಪ್ಪಿದೆ: ರಾತ್ರಿ ನಮ್ಮ ಕರಾವಳಿ ಖಾಲಿ ಇರುವುದಿಲ್ಲ, ಯಾರೋ ಕೆಲಸದಲ್ಲಿರುತ್ತಾರೆ. ವಿಡಿಯೋಗಳಲ್ಲಿ ತೋರಿಸುವ ರಾಜಸ್ಥಾನದ ಭಾನ್‌ಗಢದಲ್ಲೂ ಸೂರ್ಯ ಮುಳುಗಿದ ಮೇಲೆ ಒಳಗೆ ಹೋಗಬಾರದು ಅಂತ ಪುರಾತತ್ವ ಇಲಾಖೆಯ ಫಲಕವೇ ಇದೆ. ಮಿರ್ಜಾನ್ ಕೋಟೆಯೂ ಅದೇ ಇಲಾಖೆಯದು, ಒಳಗೆ ಬಾವಿಗಳಿವೆ, ಮಳೆಗಾಲದಲ್ಲಿ ಕಲ್ಲೆಲ್ಲ ಪಾಚಿ. ಹಗಲು ಹೋಗಿ. ಶಿರಸಿ ಕಡೆಯ ಚೌಡಿ ಬನಗಳಿಗಂತೂ ಕ್ಯಾಮೆರಾ ಹಿಡಿದು ನುಗ್ಗಲೇಬೇಡಿ, ಅಲ್ಲಿ ಜನ ಕೈಮುಗಿಯುತ್ತಾರೆ. ಮೈ ಜುಮ್ಮೆನ್ನಬೇಕಾದರೆ ಯಾಣಕ್ಕೆ ಹೋಗಿ. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಅನ್ನುತ್ತಾರೆ. 120 ಮೀಟರ್ ಎತ್ತರದ ಕಪ್ಪು ಬಂಡೆಯ ಬುಡದಲ್ಲಿ ಮಟಮಟ ಮಧ್ಯಾಹ್ನವೂ ದನಿ ತಾನಾಗಿ ತಗ್ಗುತ್ತದೆ.

ದೆವ್ವದ ಕತೆ ನನಗೆ ಇವತ್ತಿಗೂ ಪ್ರಾಣ. ಆ ರಾತ್ರಿ ಜಗಲಿಯಲ್ಲಿ, ಹಾಲಿಲ್ಲದ ಚಾ ಕುಡಿಯುತ್ತಾ, ಅಜ್ಜ ಒಂದು ಹೇಳಿದರು. ಆ ಕುರ್ವೆಯ ಮನೆ ಬಿದ್ದದ್ದು ಹೇಗೆ, ಆಮೇಲೆ ಅಲ್ಲಿ ಯಾರು ಕಂಡರು ಅಂತ. ಅಮ್ಮ ನಡುವೆ ಎದ್ದು ಬಾಗಿಲು ಹಾಕಿ ಬಂದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಕತೆ. ನಿಮಗೂ ಅಂಥದ್ದೇ ಬೇಕಿದ್ದರೆ ಸಂಜೆ ದಂಡೆಯಲ್ಲಿ ಬಲೆ ಹೊಲಿಯುತ್ತಾ ಕೂತವರ ಹತ್ತಿರ ಹೋಗಿ, ಮೊದಲು ಶೆಟ್ಲಿಯ ವಿಚಾರ ಮಾತಾಡಿ. ಹೋಗುವುದು ಅಷ್ಟಮಿಯ ಆಸುಪಾಸಿಗೆ ಇರಲಿ, ಆಗ ಅವರಿಗೂ ಸ್ವಲ್ಪ ಬಿಡುವು ಇರುತ್ತದೆ.