ಸಮುದ್ರವಿಲ್ಲದ ಮೈಸೂರಿನಲ್ಲಿದ್ದುಕೊಂಡು ಕರಾವಳಿ ಮೀನಡುಗೆಯ ಶೆಫ್ ಆಗಬಹುದೇ?

ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸುತ್ತಿದ್ದೀರಿ, ಮನೆ ಮೈಸೂರು, ಕರಾವಳಿ ಮೀನಡುಗೆಯಲ್ಲೇ ಕೈ ಪಳಗಬೇಕು ಅನ್ನೋ ಆಸೆ. ಇಲ್ಲಿದ್ದುಕೊಂಡು ಇದು ಆಗುವ ಮಾತೇ, ಈ ಕೆಲಸದ ಬದುಕು ಹೇಗಿರುತ್ತೆ ಎಂದು ಕೇಳಿದ್ದೀರಿ.

ಖಂಡಿತ ಆಗುತ್ತೆ. ನಾನು ಮಂಡ್ಯ ಕಡೆಯವನು, ಕೆರೆಮೀನಿನ ಸಾರಿನಲ್ಲಿ ಮುದ್ದೆ ನುಂಗಿ ಬೆಳೆದವನು. ಈಗ ಮೈಸೂರಿನ ಒಂದು ಹೋಟೆಲಿನಲ್ಲಿ ಕರಾವಳಿ ಅಡುಗೆ ನೋಡಿಕೊಳ್ಳುತ್ತೇನೆ. ರಜೆ ಸಿಕ್ಕಾಗಲೆಲ್ಲ ಸಂಪಾಜೆ ಘಾಟಿ ಇಳಿದು ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರ ಅಂತ ಸುತ್ತುತ್ತೇನೆ.

ಒಂದೇ ಕೆಂಪು ಮಸಾಲೆ ರುಬ್ಬಿಟ್ಟುಕೊಂಡು ಎಲ್ಲ ಮೀನಿಗೂ ಬಳಿದು 'ಕರಾವಳಿ ಸ್ಪೆಷಲ್' ಅನ್ನುವ ಹೋಟೆಲುಗಳು ಘಟ್ಟದ ಮೇಲೆ ಬೇಕಾದಷ್ಟಿವೆ. ದಯವಿಟ್ಟು ಅಲ್ಲಿ ಕಲಿಯಬೇಡಿ. ನೀವು ಹುಳಿಯಿಂದ ಶುರು ಮಾಡಿ. ಯಾವ ಊರಿನವರು ಯಾವ ಮೀನಿಗೆ ಯಾವ ಹುಳಿ ಹಾಕುತ್ತಾರೆ ಎಂದು ಗಮನಿಸುತ್ತಾ ಹೋದರೆ ಆ ಕರಾವಳಿ ತಾನಾಗಿಯೇ ಬಿಚ್ಚಿಕೊಳ್ಳುತ್ತೆ.

ತುಳುವರ ಬೂತಾಯಿ ಪುಳಿಮುಂಚಿ ನೋಡಿ, ಅಂದರೆ ಸಾರ್ಡೀನ್ ಮೀನಿನ ಹುಳಿ-ಖಾರದ ಸಾರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತ್ಯ, ಬೆಳ್ಳುಳ್ಳಿ, ಕೈತುಂಬಾ ಹುಣಸೆ. ತೆಂಗಿನಕಾಯಿ ಇಲ್ಲ. ಬೂತಾಯಿಯಲ್ಲೇ ಬೇಕಾದಷ್ಟು ಎಣ್ಣೆ ಇರುತ್ತೆ, ಅದನ್ನು ತಡೆಯುವುದಕ್ಕೆ ಅಷ್ಟು ಹುಳಿ. ಮಲ್ಪೆ ಹತ್ತಿರ ಒಂದು ಮನೆಯಲ್ಲಿ ಇದನ್ನು ನೋಡುತ್ತಾ ನಿಂತಿದ್ದೆ. ಕುದಿಯುವ ಮಸಾಲೆಗೆ ಮೀನು ಬಿಟ್ಟಿದ್ದೇ ತಡ, ನನ್ನ ಕೈ ಸೌಟಿನ ಕಡೆ ಹೋಯಿತು. ಅಡುಗೆ ಮಾಡುತ್ತಿದ್ದ ಅಕ್ಕ, "ಸೌಟು ಹಾಕ್ಬೇಡಿ ಮಾರಾಯ್ರೆ, ಮೀನು ಪುಡಿ ಆಗ್ತದೆ" ಎಂದು ಮಣ್ಣಿನ ಗಡಿಗೆಯ ಅಂಚನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಮಸಾಲೆ ಮೀನಿನ ಮೇಲೆ ಹರಿದು ಬಂತು, ಒಂದು ಬಾಲವೂ ಮುರಿಯಲಿಲ್ಲ. ಅದನ್ನು ಅವರು ತಿಂದಿದ್ದು ಮಾರನೆಯ ದಿನ, ಹುಳಿ ಎಳೆದುಕೊಂಡ ಮೇಲೆ.

ಉತ್ತರ ಕನ್ನಡಕ್ಕೆ ಹೋದರೆ ಬಂಗುಡೆಗೆ ಹಸಿ ಕಾಯಿ ರುಬ್ಬಿ, ಹುಣಸೆ ಬದಲು ಮುರುಗಲು (ಕೋಕಂ) ಹಾಕುತ್ತಾರೆ. ಕೊನೆಗೆ ಜುಮ್ಮನಕಾಯಿ, ಕಾಡುಮರದ ಸಣ್ಣ ಮಸಾಲೆ ಕಾಯಿ. ಕಹಿಯಾದ ಕರಿ ಬೀಜ ತೆಗೆದು, ಸಿಪ್ಪೆಯನ್ನಷ್ಟೇ ಜಜ್ಜಿ ಹಾಕಬೇಕು. ನಾಲಿಗೆ ಜುಮ್ಮೆನ್ನುತ್ತೆ, ಬಂಗುಡೆಯ ಕಮಟು ಇದ್ದ ಜಾಗ ಗೊತ್ತಾಗುವುದಿಲ್ಲ. ಸಿಗಡಿಗೆ ಮಾವಿನಕಾಯಿ, ಅಂಬಟೆ, ಬಿಂಬುಳಿ. ದಾರಿಯಲ್ಲೇ ಸಿಗುವ ಕೊಡಗಿನಲ್ಲಿ ಕಾಚಂಪುಳಿ, ಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಹುಳಿ.

ಸಮುದ್ರದ ಮೀನು ಹಳತಾಗುತ್ತಾ ಬಂದಂತೆ ಅದರಲ್ಲಿ ಟ್ರೈಮೀಥೈಲ್‌ಅಮೀನ್ ಹೆಚ್ಚುತ್ತೆ, ನಾವು ಮೂಗು ಮುಚ್ಚುವುದು ಅದಕ್ಕೇ. ಹುಳಿ ಅದನ್ನು ಕಟ್ಟಿಹಾಕುತ್ತೆ. ಕೆರೆಮೀನಿನ ಮಣ್ಣುವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ಬೇರೆಯೇ ವಸ್ತು, ಅದೂ ಹುಳಿಗೆ ಬಗ್ಗುತ್ತೆ. ನಮ್ಮ ಮಂಡ್ಯದ ಮೀನು ಸಾರಿಗೆ ಅಷ್ಟೊಂದು ಹುಣಸೆ ಯಾಕೆ ಅನ್ನುವುದು ನನಗೆ ತಿಳಿದಿದ್ದು ಮಂಗಳೂರಿನ ಅಡುಗೆ ಕಲಿಯುವಾಗ. ನಿಮ್ಮ ಮನೆಯ ಸಾರು ಚೆನ್ನಾಗಿ ಬರುತ್ತಿದ್ದರೆ ನೀವು ಬರಿಗೈಯಲ್ಲಿ ಹೋಗುತ್ತಿಲ್ಲ.

ಮೈಸೂರಿನಲ್ಲಿ ನಿಜವಾದ ಕಷ್ಟ ಮೀನಿನದ್ದು. ರಾತ್ರಿ ಘಟ್ಟ ಹತ್ತಿ ಬರುವ ಐಸ್ ಬಾಕ್ಸ್ ಬೆಳಗಿನ ಜಾವ ತೆಗೆಯುವಾಗ ನೀವು ಎದುರಿಗಿರಬೇಕು. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು. ಬೂತಾಯಿಯ ಹೊಟ್ಟೆ ಒತ್ತಿ ನೋಡಿ. ಅದು ಮೊದಲು ಕೆಡುವುದೇ ಅಲ್ಲಿ, ಒಡೆದಿದ್ದರೆ ಬೇಡ ಅನ್ನಿ. ಬಂಗುಡೆ, ಬೂತಾಯಿ ಐಸ್ ಇಲ್ಲದೆ ಕೂತಿದ್ದರೆ ಹಿಸ್ಟಮೈನ್ ಸೇರಿಕೊಳ್ಳುತ್ತೆ, ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ ಮೈ ತುರಿಸುತ್ತೆ. ಗಟ್ಟಿ ಮಾಂಸದ ಅಂಜಲ್ (ಸೀರ್ ಮೀನು) ಪ್ರಯಾಣ ತಡೆಯುತ್ತೆ. ಮರುವಾಯಿ (ಚಿಪ್ಪುಮೀನು) ಮಾತ್ರ ಜೀವಂತವಾಗಿ ಬಂದರಷ್ಟೇ ತೆಗೆದುಕೊಳ್ಳಿ, ಇಲ್ಲವಾದರೆ ಅವತ್ತು ಮೆನುವಿನಿಂದ ತೆಗೆದುಬಿಡಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಫ್ರೀಜರ್ ಮೀನನ್ನು ತಾಜಾ ಎಂದು ಬಡಿಸುವ ಬದಲು ನಾನು ಒಣಸಿಗಡಿ ಚಟ್ನಿ, ಒಣಮೀನು, ಕಾವೇರಿ ಮೀನು ಇಡುತ್ತೇನೆ. ಕರಾವಳಿಯವರೂ ಮಳೆಗಾಲದಲ್ಲಿ ಒಣಮೀನನ್ನೇ ತಿಂದವರು, ಅದರಲ್ಲಿ ಕೀಳಾದದ್ದು ಏನೂ ಇಲ್ಲ.

ಉಳಿದಂತೆ ಬದುಕು ಎಲ್ಲ ಕಿಚನ್‌ಗಳ ಹಾಗೇ. ಬೆಳಗಿನ ಜಾವ ಮಾರ್ಕೆಟ್, ರಾತ್ರಿ ಹನ್ನೊಂದಕ್ಕೆ ಊಟ, ಭಾನುವಾರ ರಜೆ ಕೇಳುವಂತಿಲ್ಲ, ಮದುವೆ ಮುಂಜಿ ತಪ್ಪುತ್ತವೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಒಂದು ಅನುಕೂಲ ಇದೆ. ದೋಣಿಗಳು ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೇ ಬಹುತೇಕ ಇಲ್ಲಿ ಶ್ರಾವಣ ಬರುತ್ತೆ. ಮೈಸೂರಿನಲ್ಲಿ ಮಾಂಸ ಬಿಡುವವರು ಜಾಸ್ತಿ, ಹೋಟೆಲಿನಲ್ಲಿ ಕೆಲಸ ಕಡಿಮೆ, ಕೇಳಿದರೆ ರಜೆ ಸಿಗುತ್ತೆ. ಆಗಸ್ಟ್ ಎರಡನೇ ವಾರ ದಾಟಿದ ಮೇಲೆ ರಾತ್ರಿ ಬಸ್ಸು ಹತ್ತಿ. ಬೆಳಗ್ಗೆ ಮಂಗಳೂರಿನ ದಕ್ಕೆಗೆ (ಮೀನುಗಾರಿಕೆ ಬಂದರಿಗೆ) ಹೋಗಿ ಮೀನು ಏಲಂ ನೋಡಿ, ಮಧ್ಯಾಹ್ನ ಕುಚಲಕ್ಕಿ ಅನ್ನ ಬಡಿಸುವ ಸಣ್ಣ ಹೋಟೆಲಿನಲ್ಲಿ ಊಟ ಮಾಡಿ, ಬಿಡುವಾದಾಗ ಯಾವ ಹುಳಿ ಹಾಕಿದ್ದೀರಿ ಅಂತ ಕೇಳಿ. ಮೀನು ಹೊಗಳಿದವರಿಗೆ ಹೇಳಿಕೊಡದವರನ್ನು ನಾನು ಅಲ್ಲಿ ನೋಡಿಲ್ಲ. ಕಾರವಾರದವರೆಗೂ ಹೋದರೆ ಒಣಗಿದ ಜುಮ್ಮನಕಾಯಿ ಒಂದಷ್ಟು ತಂದಿಟ್ಟುಕೊಳ್ಳಿ, ಮೈಸೂರಿನಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ.