ಮಿಡಿ ಉಪ್ಪಿನಕಾಯಿ ಬಿಟ್ಟರೆ ಹೊಟ್ಟೆನೋವು ಹೋಗುತ್ತದೆಯೇ?

ಪ್ರಶ್ನೆ: ನನಗೆ 52 ವರ್ಷ. ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿದು ಮುಗಿಸಿ ಊಟಕ್ಕೆ ಕೂರುವಾಗ ರಾತ್ರಿ ಹನ್ನೊಂದಾಗಿರುತ್ತದೆ. ಮಲಗಿದ ಕೂಡಲೇ ಎದೆಯುರಿ, ಹುಳಿತೇಗು. ಈಚೆಗೆ ಬರಿಹೊಟ್ಟೆಯಲ್ಲಿ ಮೇಲ್ಹೊಟ್ಟೆಯೂ ನೋಯುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತೇನೆ. ಮನೆಯವರು ಮಿಡಿ ಉಪ್ಪಿನಕಾಯಿ ಬಿಡಿ ಎನ್ನುತ್ತಾರೆ. ಅಷ್ಟು ಸಾಕೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಾಲದು. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಇರುವಂತಿದೆ.

ಅನ್ನನಾಳವು ಜಠರವನ್ನು ಸೇರುವೆಡೆ ಸ್ನಾಯುವಿನ ಬಳೆಯೊಂದಿದ್ದು, ತುತ್ತು ಕೆಳಗಿಳಿದ ಮೇಲೆ ಅದು ಮುಚ್ಚಿಕೊಳ್ಳುತ್ತದೆ. ಗಟ್ಟಿ ಊಟ ಜಠರದಿಂದ ಬಹುಪಾಲು ಖಾಲಿಯಾಗಲು 3–4 ಗಂಟೆ ಬೇಕು. ಅದಕ್ಕೆ ಮೊದಲೇ ಮಲಗಿದರೆ ಆಮ್ಲವು ಸುಲಭವಾಗಿ ಮೇಲೇರಿ, ಜಠರಕ್ಕಿರುವಂಥ ದಪ್ಪ ಲೋಳೆಯ ರಕ್ಷಣೆಯಿಲ್ಲದ ಅನ್ನನಾಳವನ್ನು ಸುಡುತ್ತದೆ. ಸುಲಿಯಲು ಕೂರುವ ಮೊದಲೇ ಊಟ ಮುಗಿಸಿ, ಮಂಚದ ತಲೆಭಾಗವನ್ನು ಅರ್ಧ ಅಡಿ ಎತ್ತರಿಸಿ.

ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿರುವುದು ಮಂಡಿನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದವು ನೋವನ್ನು ತಗ್ಗಿಸುವಾಗಲೇ, ಜಠರದ ಲೋಳೆಪೊರೆಯನ್ನು ಕಾಯುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ಉತ್ಪತ್ತಿಯನ್ನೂ ತಡೆಯುವುದರಿಂದ, ತಿಂಗಳುಗಟ್ಟಲೆ ನುಂಗಿದವರಲ್ಲಿ ಹುಣ್ಣಾಗುವ ಸಂಭವ ಹೆಚ್ಚು. ಹುಣ್ಣಿನ ಇನ್ನೊಂದು ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಖಾರ, ಚಿಂತೆಗಳಿಂದಲೇ ಹುಣ್ಣು ಎಂದು ವೈದ್ಯರೂ ನಂಬಿದ್ದ ಕಾಲದಲ್ಲಿ, 1982ರಲ್ಲಿ, ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅದನ್ನು ಗುರುತಿಸಿದರು. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂದು ಸಾಮಾನ್ಯವಾಗಿ 14 ದಿನಗಳ ಆ್ಯಂಟಿಬಯಾಟಿಕ್ ಚಿಕಿತ್ಸೆಯಿಂದ ಈ ಸೋಂಕು ಗುಣವಾಗುತ್ತದೆ. ಉಪ್ಪಿನಕಾಯಿ ಉರಿಯನ್ನು ಕೆರಳಿಸಬಹುದು, ಆದರೆ ಹುಣ್ಣಿನ ಮೂಲ ಅದಲ್ಲ.

ಆದ್ದರಿಂದ ‘ಗ್ಯಾಸ್ಟ್ರಿಕ್’ ಎಂದುಕೊಂಡು ಇನ್ನೊಂದು ಮಾತ್ರೆ ಸೇರಿಸಬೇಡಿ. ಮಂಡಿನೋವಿಗೆ ಪ್ಯಾರಾಸಿಟಮಾಲ್ ಸಾಕಾಗುವುದೇ ಎಂದು ವೈದ್ಯರನ್ನು ಕೇಳಿ. ನಿಮ್ಮ ವಯಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ ಜಠರವನ್ನು ನೋಡುವ ಪರೀಕ್ಷೆ) ಮಾಡಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆಮ್ಲ ತಗ್ಗಿಸುವ ಮಾತ್ರೆ ಈಗಾಗಲೇ ನುಂಗುತ್ತಿದ್ದರೆ ತಪ್ಪದೆ ತಿಳಿಸಿ, ಏಕೆಂದರೆ ಅದರಿಂದ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಮಲ ಟಾರಿನಂತೆ ಕಪ್ಪಾಗಿ ಅಂಟಂಟಾದರೆ, ರಕ್ತವಾಂತಿಯಾದರೆ, ಅಥವಾ ಎದೆಯುರಿಯೊಂದಿಗೆ ಬೆವರು, ತೋಳುನೋವು ಕಾಣಿಸಿಕೊಂಡರೆ ಮಾತ್ರ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ, ಕೊನೆಯದು ಹೃದಯಾಘಾತವಾಗಿರಬಹುದು.