ಆಂಟಿಬಯೋಟಿಕ್ ಬರೆಯದ ಡಾಕ್ಟರ ಪರವಾಗಿ

ಉಡುಪಿಯ ಓದುಗರೊಬ್ಬರ ಪತ್ರ: “ಮಳೆಗಾಲ ಶುರುವಾದ ಮೇಲೆ ಮನೆಯಲ್ಲಿ ಎಲ್ಲರಿಗೂ ಶೀತ, ಕೆಮ್ಮು. ಮಗನನ್ನು ಡಾಕ್ಟರಿಗೆ ತೋರಿಸಿದರೆ ಎದೆ ನೋಡಿ, ಪ್ಯಾರಾಸಿಟಮಾಲ್ ಕೊಟ್ಟು, ಮನೆಯಲ್ಲಿ ಮಲಗಲಿ ಅಂದರು. ಕೇಳಿದರೂ ಆಂಟಿಬಯೋಟಿಕ್ ಬರೆಯಲಿಲ್ಲ. ಕೊನೆಗೆ ಮೆಡಿಕಲ್‌ನಿಂದ ಮೂರು ದಿನದ ಮಾತ್ರೆ ತಂದೆ, ಗುಣವಾಯಿತು. ಹಾಗಾದರೆ ಡಾಕ್ಟರಿಗೆ ಫೀಸು ಯಾಕೆ?”

ಮಗ ಹುಷಾರಾದದ್ದು ಸಂತೋಷ. ರಾತ್ರಿಯಿಡೀ ಮಗು ಕೆಮ್ಮಿದರೆ ತಾಯಿಗೆ ನಿದ್ದೆ ಬರುವುದಿಲ್ಲ, ಒಪ್ಪಿದೆ. ಆದರೆ ಗುಣ ಮಾಡಿದ್ದು ಮಾತ್ರೆಯೇ ಅಂತ ಹೇಗೆ ಹೇಳುತ್ತೀರಿ? ಸಾಮಾನ್ಯ ಶೀತ ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ನೀವು ಮೆಡಿಕಲ್‌ಗೆ ಹೋಗುವ ಹೊತ್ತಿಗೆ ಅದು ಇಳಿಯತೊಡಗಿತ್ತು. ಹೆಸರು ಮಾತ್ರ ಮಾತ್ರೆಗೆ ಬಂತು.

ಶೀತ ತರುವ ವೈರಸ್‌ಗಳು 200ಕ್ಕೂ ಜಾಸ್ತಿ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು, ವೈರಸ್‌ಗಳನ್ನಲ್ಲ. ಸಿಂಬಳ ಹಸಿರಾಯಿತು ಅಂತ ಹೆದರುವವರಿದ್ದಾರೆ; ಅದು ನಮ್ಮದೇ ಬಿಳಿ ರಕ್ತಕಣಗಳಿಂದ ಬರುವ ಬಣ್ಣ. ಒಮ್ಮೆಲೇ ಜೋರು ಜ್ವರ, ಮೈಕೈ ನೋವು, ಏಳಲಾಗದ ಸುಸ್ತು ಬಂದರೆ ಫ್ಲೂ ಇರಬಹುದು. ಅದೂ ವೈರಸ್ಸೇ. ಅದಕ್ಕೆ ಮದ್ದು ಬೇರೆ, ಲಸಿಕೆಯೂ ಇದೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ ನಾಲ್ಕು ದಶಕ ಬರೀ ಶೀತದ ಮೇಲೆ ಸಂಶೋಧನೆ ನಡೆಯಿತು. ಒಪ್ಪಿ ಬಂದವರ ಮೂಗಿಗೆ ವೈರಸ್ ಬಿಟ್ಟು ನೋಡುತ್ತಿದ್ದರು. ಅಷ್ಟಾದರೂ ಶೀತ ವಾಸಿಮಾಡುವ ಮದ್ದು ಸಿಗಲಿಲ್ಲ. ಅದು ನಿಮ್ಮ ಬೀದಿಯ ಮೆಡಿಕಲ್‌ನಲ್ಲಿ ಸಿಗುತ್ತದೆಯೇ?

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿ ಒಂದು ಕಥೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವುದಿಲ್ಲ, ಮದ್ದನ್ನು ತಡೆದುಕೊಳ್ಳಲು ಕಲಿಯುತ್ತದೆ. ಅದು ಹೆಂಡತಿಗೆ ಹರಡಿ ನ್ಯುಮೋನಿಯಾ ಆಗುತ್ತದೆ. ಈಗ ಪೆನಿಸಿಲಿನ್ ನಾಟುವುದಿಲ್ಲ. ಅವಳು ಸಾಯುತ್ತಾಳೆ. ನಿಮ್ಮ ಮೂರು ದಿನದ ಮಾತ್ರೆ ಓದಿದಾಗ ನನಗೆ ಆ ಹೆಂಗಸೇ ನೆನಪಾದಳು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇರುತ್ತದೆ, ನೋಡಿ. ಚೀಟಿ ಇಲ್ಲದೆ ಕೊಡಬಾರದು ಅಂತಲೇ ಅದರ ಅರ್ಥ.

ಮಾತ್ರೆ ಬರೆಯಲು ಅರ್ಧ ನಿಮಿಷ ಸಾಕು. ಬೇಡ ಅಂತ ತಿಳಿಸಿ ಹೇಳಲು ಹತ್ತು ನಿಮಿಷ ಬೇಕು, ಹೊರಗೆ ಬೆಂಚು ತುಂಬಿರುವಾಗ. ಎದೆಯಲ್ಲಿ ಕಫ ಕಟ್ಟಿಲ್ಲ, ಉಸಿರು ಸರಿಯಿದೆ ಅಂತ ನೋಡಿದ್ದಕ್ಕೂ ಸೇರಿ ನೀವು ಫೀಸು ಕೊಟ್ಟಿರಿ. ಮಗು ಏದುಸಿರು ಬಿಟ್ಟರೆ, ಊಟ ನೀರು ಬಿಟ್ಟರೆ ಅದೇ ಡಾಕ್ಟರ ಹತ್ತಿರ ತಡಮಾಡದೆ ಓಡಿ. ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಪರೀಕ್ಷೆ ಮಾಡಿಸಿ. ಉಳಿದಂತೆ ಬಿಸಿ ಕುಚ್ಚಲಕ್ಕಿ ಗಂಜಿ, ಶುಂಠಿ ಕಷಾಯ, ನಿದ್ದೆ. ಒಂದು ವರ್ಷ ದಾಟಿದ ಮಕ್ಕಳಿಗೆ ಚಮಚ ಜೇನು ಕೆಮ್ಮಿಗೆ ಒಳ್ಳೆಯದು.

ಆದರೆ ಮಲಗಲು ಬಿಡುವವರು ಯಾರು? ನನ್ನ ಸಿಟ್ಟು ಇರುವುದು ಇಲ್ಲಿ. ಒಂದು ದಿನವೂ ತಪ್ಪಿಸದ ಮಗುವಿಗೆ ಶಾಲೆಗಳು ಬಹುಮಾನ ಕೊಡುತ್ತವೆ. ಜ್ವರ ಇಳಿಸಿ ಮಕ್ಕಳನ್ನು ಕಳಿಸುತ್ತೇವೆ. ಮಳೆಗೆ ಕಿಟಕಿ ಮುಚ್ಚಿದ ಕ್ಲಾಸಿನಲ್ಲಿ ಒಬ್ಬ ಕೆಮ್ಮಿದರೆ ಇಡೀ ಬೆಂಚಿಗೆ ಬರುತ್ತದೆ. ಬೀಡಿ ಕಟ್ಟುವ ಹೆಂಗಸು ಎರಡು ದಿನ ಮಲಗಿದರೆ ಎರಡು ದಿನದ ಮಜೂರಿ ಹೋಯಿತು. ಬಟ್ಟೆ ಅಂಗಡಿಯ ಹುಡುಗಿ ರಜೆ ಕೇಳಿದರೆ ಬೈಗುಳ. ಬೇಗ ಗುಣವಾಗಬೇಕು ಅಂತ ಎಲ್ಲರೂ ಮಾತ್ರೆ ಕೇಳುವುದು ಸುಮ್ನೆ ಅಲ್ಲ.

ಮುಂದಿನ ಸಲ ಮಗನಿಗೆ ಶೀತ ಜ್ವರ ಬಂದರೆ ಶಾಲೆಗೆ ರಜಾ ಚೀಟಿ ಬರೆದು ಕಳಿಸಿ. ಅವರು ತಕರಾರು ಮಾಡಿದರೆ ನಮಗೆ ಬರೆಯಿರಿ. ಶಾಲೆಯ ಹೆಸರು ಬಿಟ್ಟು ಆ ಪತ್ರವನ್ನು ಇದೇ ಪುಟದಲ್ಲಿ ಹಾಕುತ್ತೇನೆ.

— ಸಂ.